ದನಿಯ ಒತ್ತು ಬಿದ್ದಲ್ಲಿ ಸ್ವರ ಒಡೆಯುತ್ತದೆ: ಸ್ಪ್ಯಾನಿಷ್ ಆಜ್ಞಾರ್ಥ ರೂಪಗಳ ಬಗ್ಗೆ

(ಬೆಳಗಾವಿಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ವಿದ್ಯಾರ್ಥಿಗಳು ಮತ್ತು ಕಂಪನಿ ನೌಕರರ ಮುಂದೆ ಆಡಿದ ಮಾತಿನ ಬರಹ ರೂಪ. ಹಲಗೆಯ ಮೇಲೆ ರೋಮನ್ ಲಿಪಿಯಲ್ಲಿ ಬರೆದದ್ದನ್ನು ಇಲ್ಲಿ ಕನ್ನಡ ಲಿಪಿಗೆ ತಂದಿದೆ.)

ಮೊದಲು ಲಿಪಿಯ ವಿಷಯ ಮುಗಿಸಿಬಿಡೋಣ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ, ದೀರ್ಘ ಎಂಬ ಭೇದ ಇಲ್ಲ. ಅದರ ಬದಲಿಗೆ ಪದದ ಒಂದು ಸ್ವರವನ್ನು ಉಳಿದವಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ. ಇದನ್ನು ಒತ್ತು ಅಂತ ಕರೆಯುತ್ತೇನೆ. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಕನ್ನಡದಲ್ಲಿ ಇಂಥ ಒತ್ತು ಜಾಗ ಬದಲಿಸಿದರೆ ಅರ್ಥವೇನೂ ಕೆಡುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಹಿಡಿಯುವುದೂ ಇಲ್ಲ. ಆದರೆ ದೀರ್ಘವನ್ನು ನಮ್ಮ ಕಿವಿ ಎಂದೂ ಬಿಡುವುದಿಲ್ಲ. ಆದ್ದರಿಂದ ಇವತ್ತಿನ ಮಟ್ಟಿಗೆ ಒಂದು ಒಪ್ಪಂದ: ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆಯೋಣ, ಉಳಿದದ್ದೆಲ್ಲ ಹ್ರಸ್ವ. ಎ-ಏ, ಒ-ಓ ಎರಡೂ ಜೋಡಿ ನಮ್ಮ ಲಿಪಿಯಲ್ಲಿ ಇರುವುದರಿಂದ ಈ ಕೆಲಸ ಸಲೀಸು. ಮರಾಠಿಯಲ್ಲಿ ನೋಟ್ಸ್ ಬರೆದುಕೊಳ್ಳುವವರಿಗೆ ದೇವನಾಗರಿಯಲ್ಲಿ ಈ ಜೋಡಿ ಸಿಗುವುದಿಲ್ಲ. ಅವರು ಒತ್ತಿನ ಸ್ವರದ ಕೆಳಗೆ ಗೆರೆ ಎಳೆದುಕೊಳ್ಳಲಿ.

ಈಗ ಬಾಗಿಲು ಹಾಕುವ ಕ್ರಿಯಾಪದ ತೆಗೆದುಕೊಳ್ಳಿ: ಸೆರ್ರಾರ್. ದೀರ್ಘ ಕೊನೆಯಲ್ಲಿದೆ, ಧಾತುವಿನ ಎ ಹ್ರಸ್ವ. ಗೆಳೆಯನಿಗೆ ‘ಬಾಗಿಲಾ ಹಾಕು’ ಅನ್ನಬೇಕಾದಾಗ ಒತ್ತು ಹಿಂದಕ್ಕೆ ಸರಿದು ಧಾತುವಿನ ಮೇಲೆ ಕೂರುತ್ತದೆ. ಅಲ್ಲಿ ಕೂತ ಕೂಡಲೇ ಎ ಒಡೆದು ‘ಯೇ’ ಆಗುತ್ತದೆ: ಸ್ಯೇರ್ರ. ಎಣಿಸು, ಹೇಳು ಎಂಬ ಅರ್ಥದ ಕೊಂತಾರ್‌ನಲ್ಲಿ ಒ ಒಡೆದು ‘ವೇ’ ಆಗುತ್ತದೆ: ಕ್ವೇಂತ. ಮರಳಿ ಬಾ ಎನ್ನಲು ಬೊಲ್ಬೇರ್ ಹೋಗಿ ಬ್ವೇಲ್ಬೆ. ಮಲಗು ಎನ್ನಲು ದೊರ್ಮೀರ್ ಹೋಗಿ ದ್ವೇರ್ಮೆ. ಪಠ್ಯಪುಸ್ತಕಗಳು ಇವನ್ನು ಧಾತು ಬದಲಾಗುವ ಕ್ರಿಯಾಪದಗಳು ಎಂದು ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೊಡುತ್ತವೆ. ಪಟ್ಟಿ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಯಾವ ರೂಪದಲ್ಲಿ ಬದಲಾವಣೆ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎಂಬುದಕ್ಕೆ ಪಟ್ಟಿ ಬೇಕಿಲ್ಲ. ಒತ್ತು ಧಾತುವಿನ ಮೇಲಿದ್ದರೆ ಸ್ವರ ಒಡೆಯುತ್ತದೆ, ಪ್ರತ್ಯಯದ ಮೇಲಿದ್ದರೆ ಒಡೆಯುವುದಿಲ್ಲ.

ಇದು ಲ್ಯಾಟಿನ್ ಕಾಲದಿಂದ ಬಂದ ಸಂಗತಿ. ಲ್ಯಾಟಿನ್ನಿನ ಹ್ರಸ್ವ ಎ, ಒ ಸ್ವರಗಳು ಒತ್ತಿನ ಕೆಳಗೆ ಸಿಕ್ಕಾಗ ಸ್ಪ್ಯಾನಿಷ್‌ನಲ್ಲಿ ಎರಡಾಗಿ ಒಡೆದವು. ಪಕ್ಕದ ಪೋರ್ಚುಗೀಸ್‌ನಲ್ಲಿ ಒಡೆಯಲಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವೆ. ಅಲ್ಲಿನ ಹಿರಿಯರಲ್ಲಿ ಪೋರ್ಚುಗೀಸ್ ಬಲ್ಲವರು ಇನ್ನೂ ಸಿಗುತ್ತಾರೆ. ಭೂಮಿಗೆ ಅವರು ತೇರ್ರ ಅಂದರೆ ಸ್ಪ್ಯಾನಿಷ್‌ನವರು ತ್ಯೇರ್ರ ಅನ್ನುತ್ತಾರೆ. ಬಾಗಿಲಿಗೆ ಅವರದು ಪೋರ್ತ, ಇವರದು ಪ್ವೇರ್ತ. ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಪೋರ್ಚುಗೀಸ್ ಕಿವಿಗೆ ಬಿದ್ದಿದ್ದರೆ ಎಚ್ಚರ: ಅವರ ಕೋಂತ ಇಲ್ಲಿ ಕ್ವೇಂತ ಆಗಲೇಬೇಕು.

ನೀನು ಅನ್ನುವವರಿಗೆ ಕೊಡುವ ಆಜ್ಞೆಯ ರೂಪ, ‘ಅವನು ಹಾಕುತ್ತಾನೆ’ ಎಂಬ ವರ್ತಮಾನ ರೂಪ, ಎರಡೂ ಒಂದೇ. ಸ್ಯೇರ್ರ ಎಂದರೆ ಹಾಕುತ್ತಾನೆ ಅಂತಲೂ ಆಯಿತು, ಹಾಕು ಅಂತಲೂ ಆಯಿತು. ಮಾತಿನ ಧಾಟಿಯೇ ಬೇರ್ಪಡಿಸುತ್ತದೆ. ಹಾಗಾಗಿ ವರ್ತಮಾನ ಕಾಲ ಬಲ್ಲವರಿಗೆ ಈ ರೂಪ ಪುಕ್ಕಟೆ.

ನೀವು, ಅಂದರೆ ‘ಹಾಕ್ರಿ’ ಅನ್ನುವ ಕಡೆ ಬಂದಾಗ ಕೊನೆಯ ಸ್ವರ ಅದಲುಬದಲಾಗುತ್ತದೆ. ಆರ್ ಅಂತ್ಯದ ಕ್ರಿಯಾಪದಗಳಲ್ಲಿ ಅ ಹೋಗಿ ಎ: ಸ್ಯೇರ್ರ, ಸ್ಯೇರ್ರೆ. ಕ್ವೇಂತ, ಕ್ವೇಂತೆ. ಏರ್, ಈರ್ ಅಂತ್ಯದವುಗಳಲ್ಲಿ ಎ ಹೋಗಿ ಅ: ಬ್ವೇಲ್ಬೆ, ಬ್ವೇಲ್ಬ. ದ್ವೇರ್ಮೆ, ದ್ವೇರ್ಮ. ಬಹಳ ಜನರಿದ್ದರೆ ಇದಕ್ಕೆ ಒಂದು ನ್ ಸೇರಿಸಿ: ಸ್ಯೇರ್ರೆನ್, ಬ್ವೇಲ್ಬನ್. ಒತ್ತು ಅಲ್ಲಾಡಿಲ್ಲ, ಆದ್ದರಿಂದ ಒಡೆದ ಸ್ವರವೂ ಹಾಗೇ ಉಳಿದಿದೆ.

ಈ ಅದಲುಬದಲು ಯಾಕೆ ಎಂದು ಕೇಳುವವರಿಗೆ ಕನ್ನಡದಲ್ಲೇ ಉತ್ತರ ಇದೆ. ಉಸ್ತೇದ್ ಎಂಬ ಗೌರವದ ‘ನೀವು’ ಹುಟ್ಟಿದ್ದು ಬ್ವೇಸ್ತ್ರ ಮೆರ್ಸೇದ್ ಎಂಬ ಬಿರುದಿನಿಂದ. ತಮ್ಮ ಕೃಪೆ, ತಮ್ಮ ದಯೆ ಅಂದ ಹಾಗೆ. ಕೃಪೆಗೆ ನೇರವಾಗಿ ‘ಹಾಕು’ ಅನ್ನಲಾಗದು, ‘ತಮ್ಮ ಕೃಪೆಯು ಬಾಗಿಲು ಹಾಕಲಿ’ ಅನ್ನಬೇಕು. ‘ಸಾಹೇಬ್ರು ಒಳಗ ಬರಬೇಕು’ ಅಂತ ಎದುರಿಗೇ ನಿಂತವರಿಗೆ ಹೇಳುವ ರೂಢಿ ನಮ್ಮಲ್ಲೂ ಇದೆಯಲ್ಲ, ಅದೇ ಮರ್ಯಾದೆ. ಸ್ಯೇರ್ರೆ ಎಂಬುದು ಸ್ಪ್ಯಾನಿಷ್‌ನ ‘ಹಾಕಲಿ’. ಶಾಲೆಯ ಕನ್ನಡ ವ್ಯಾಕರಣ ಮಾಡು, ಮಾಡಿರಿ, ಮಾಡಲಿ, ಮಾಡೋಣ ಎಲ್ಲವನ್ನೂ ವಿಧ್ಯರ್ಥಕ ಎಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಆ ಗುಂಪು ನೆನಪಿದ್ದವರಿಗೆ ಸ್ಪ್ಯಾನಿಷ್‌ನ ಈ ಭಾಗ ಅರ್ಧ ಮುಗಿದಂತೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಸುಮ್ಮನೆ ಒದ್ದಾಡುತ್ತಾರೆ.

ಇನ್ನು ‘ಹಾಕೋಣ’, ‘ಹೋಗೂಣು’ ರೂಪ. ಇಲ್ಲಿ ಪ್ರತ್ಯಯ ಉದ್ದ, ಒತ್ತು ಅದರ ಮೇಲೆ: ಸೆರ್ರೇಮೊಸ್, ಕೊಂತೇಮೊಸ್, ಬೊಲ್ಬಾಮೊಸ್. ಧಾತು ಒತ್ತಿನಿಂದ ಪಾರಾಯಿತು, ಸ್ವರ ಒಡೆಯಲಿಲ್ಲ. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಬಳಸುವ ರೂಪವೂ ಹೀಗೆಯೇ. ಮೂಲರೂಪದ ಕೊನೆಯ ರ್ ತೆಗೆದು ದ್ ಇಟ್ಟರೆ ಮುಗಿಯಿತು: ಸೆರ್ರಾದ್, ಕೊಂತಾದ್, ಬೊಲ್ಬೇದ್, ದೊರ್ಮೀದ್. ಅರ್ಜೆಂಟೀನಾ, ಉರುಗ್ವೆ ಕಡೆಯ ಬೋಸ್ ಎಂಬ ‘ನೀನು’ ಇದ್ದಾನಲ್ಲ, ಅವನಿಗೆ ಆ ರ್ ತೆಗೆದುಬಿಟ್ಟರೆ ಸಾಕು: ಸೆರ್ರಾ, ಕೊಂತಾ, ಬೊಲ್ಬೇ, ದೊರ್ಮೀ. ದೀರ್ಘ ಕೊನೆಯಲ್ಲಿ ಗಟ್ಟಿಯಾಗಿ ಕೂತಿದೆ, ಧಾತು ನೆಮ್ಮದಿಯಾಗಿದೆ.

ಕಲಿಯುವವರ ಬಾಯಲ್ಲಿ ಹೆಚ್ಚು ಬರುವ ತಪ್ಪು ‘ಸೇರ್ರ’. ಒತ್ತನ್ನು ಸರಿಯಾದ ಜಾಗಕ್ಕೆ ತಂದಿದ್ದಾರೆ, ಸ್ವರ ಒಡೆಯುವುದನ್ನು ಮರೆತಿದ್ದಾರೆ. ಇದು ಮೆಕ್ಸಿಕೋದಲ್ಲೂ ಸಲ್ಲದು, ಅರ್ಜೆಂಟೀನಾದಲ್ಲೂ ಸಲ್ಲದು. ಇದಕ್ಕೆ ತದ್ವಿರುದ್ಧದ ತಪ್ಪು ‘ಸ್ಯೆರ್ರಾದ್’: ಒಡೆಯಬಾರದ ಕಡೆ ಒಡೆದದ್ದು. ಎರಡಕ್ಕೂ ಮದ್ದು ಒಂದೇ. ಬರೆದಾದ ಮೇಲೆ ದೀರ್ಘ ಎಲ್ಲಿದೆ ನೋಡಿ. ‘ಯೇ’, ‘ವೇ’ ದೀರ್ಘವಾಗಿ ಮಾತ್ರ ಬರಬೇಕು. ಹ್ರಸ್ವ ‘ಯೆ’, ‘ವೆ’ ಆಗಿ ಕಂಡರೆ ಎಲ್ಲೋ ಎಡವಿದ್ದೀರಿ.

ಈರ್ ಅಂತ್ಯದ ಕ್ರಿಯಾಪದಗಳಲ್ಲಿ ಒಂದು ಹೆಚ್ಚಿನ ತಕರಾರು ಇದೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಕೇಳು, ಬೇಡು ಎಂಬ ಅರ್ಥದ ಪೆದೀರ್‌ನಲ್ಲಿ ಎ ಒಡೆಯುವುದಿಲ್ಲ, ಈ ಆಗಿಬಿಡುತ್ತದೆ: ಪೀದೆ, ಪೀದ, ಪೀದನ್. ಬಡಿಸುವ ಸೆರ್ಬೀರ್, ಅಳೆಯುವ ಮೆದೀರ್, ಪುನಃ ಹೇಳುವ ರೆಪೆತೀರ್ ಎಲ್ಲ ಇದೇ ಜಾತಿ. ಈ ಜಾತಿಯವು ಈರ್ ಅಂತ್ಯದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇವುಗಳಲ್ಲಿ ‘ಕೇಳೋಣ’ ಎಂಬ ರೂಪದಲ್ಲೂ ಇ ಉಳಿಯುತ್ತದೆ: ಪಿದಾಮೊಸ್. ಒತ್ತು ಪ್ರತ್ಯಯದ ಮೇಲಿದ್ದರೂ ಯಾಕೆ ಬದಲಾಯಿತು? ಇಲ್ಲಿನ ಲೆಕ್ಕ ಬೇರೆ. ಮುಂದಿನ ಅಕ್ಷರದಲ್ಲಿ ಒತ್ತಿನ ಈ ಇದ್ದರೆ ಮಾತ್ರ ಧಾತುವಿನ ಎ ಹಾಗೇ ಉಳಿಯುತ್ತದೆ: ಪೆದೀರ್, ಪೆದೀದ್, ಪೆದೀ. ಉಳಿದ ಕಡೆ ಇ ಆಗುತ್ತದೆ. ‘ಪಿದೀದ್’ ಎಂದು ಬರೆಯುವವರು ಈ ಒಂದು ಸಾಲು ನೆನಪಿಟ್ಟರೆ ಸಾಕು.

ಒಡೆಯುವ ಜಾತಿಯ ಈರ್ ಕ್ರಿಯಾಪದಗಳಿಗೂ ‘ಓಣ’ ರೂಪದಲ್ಲಿ ಇದರ ಗಾಳಿ ಬೀಸಿದೆ. ದೊರ್ಮೀರ್‌ನಿಂದ ದುರ್ಮಾಮೊಸ್, ಅನುಭವಿಸುವ ಸೆಂತೀರ್‌ನಿಂದ ಸಿಂತಾಮೊಸ್. ಇದನ್ನು ಕಲಿತ ವಾರದಲ್ಲೇ ಹಿರಿಯರಿಗೆ ‘ದೂರ್ಮ’ ಅನ್ನುವವರು ಸಿಗುತ್ತಾರೆ; ಒತ್ತು ಧಾತುವಿನ ಮೇಲಿದೆ, ಆದ್ದರಿಂದ ಅದು ದ್ವೇರ್ಮ ಆಗಬೇಕು. ದುರ್ ಹ್ರಸ್ವವಾಗಿ, ಓಣದ ಜೊತೆಗೆ ಮಾತ್ರ.

ಒಂದಿಷ್ಟು ಕ್ರಿಯಾಪದಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಿ ನೋಡೋಣ. ಅಡುಗೆಯಷ್ಟು ಈ ಜಾತಿಯ ಕ್ರಿಯಾಪದಗಳು ಇನ್ನೆಲ್ಲೂ ಗುಂಪಾಗಿ ಸಿಗುವುದಿಲ್ಲ, ಬೆಳಗಾವಿಯಲ್ಲಿ ಕೂತು ಉದಾಹರಣೆ ಕೊಡುವಾಗ ಕುಂದಾ ಬಿಟ್ಟು ಬೇರೆ ಯಾಕೆ. ಗೆಳತಿಗೆ ಹೇಳುತ್ತಿದ್ದೀರಿ ಅಂದುಕೊಳ್ಳಿ. ಒಂದು ಲೀಟರ್ ಹಾಲು ಅಳೆ: ಮೀದೆ ಉನ್ ಲೀತ್ರೊ ದೆ ಲೇಚೆ. ಒಲೆ ಹಚ್ಚು: ಎನ್ಸ್ಯೇಂದೆ ಎಲ್ ಫ್ವೇಗೊ. ಹಾಲು ಕಾಯಿಸು: ಕಲ್ಯೇಂತ ಲ ಲೇಚೆ. ನಿಲ್ಲಿಸದೆ ಕೈಯಾಡಿಸು: ರೆಮ್ವೇಬೆ ಸಿನ್ ಪರಾರ್. ಹಾಲು ಅರ್ಧಕ್ಕಿಳಿದ ಮೇಲೆ ಒಂದೆರಡು ಚಮಚ ಮೊಸರು ಹಾಕಬೇಕು: ಅನ್ಯಾದೆ ಯೊಗೂರ್. ಈ ಅನ್ಯಾದೀರ್ ಯಾವ ಬದಲಾವಣೆಯೂ ಇಲ್ಲದ ಸಾಧು ಕ್ರಿಯಾಪದ, ನಡುವೆ ಒಂದು ಇರಲಿ ಅಂತ ಸೇರಿಸಿದೆ. ಬೇರೆ ಬಾಣಲೆಯಲ್ಲಿ ಸಕ್ಕರೆ ಕರಗಿಸು: ದೆರ್ರೀತೆ ಎಲ್ ಅಸೂಕರ್. ಕಂದು ಬಣ್ಣ ಬಂದ ಪಾಕವನ್ನು ಹಾಲಿಗೆ ಸುರಿ: ಬ್ಯೇರ್ತೆ. ಏಲಕ್ಕಿ ಅರೆ: ಮ್ವೇಲೆ ಎಲ್ ಕರ್ದಮೋಮೊ. ರುಚಿ ನೋಡು: ಪ್ರ್ವೇಬ. ಬಡಿಸು: ಸೀರ್ಬೆ.

ಇದನ್ನೇ ಗೆಳತಿಯ ತಾಯಿಗೆ ಹೇಳಬೇಕಾದರೆ ಕೊನೆಯ ಸ್ವರ ತಿರುಗಿಸಿ: ಮೀದ, ಎನ್ಸ್ಯೇಂದ, ಕಲ್ಯೇಂತೆ, ರೆಮ್ವೇಬ, ಅನ್ಯಾದ, ದೆರ್ರೀತ, ಬ್ಯೇರ್ತ, ಮ್ವೇಲ, ಪ್ರ್ವೇಬೆ, ಸೀರ್ಬ. ಬ್ಯುನೋಸ್ ಐರಿಸ್‌ನ ಗೆಳತಿಗೆ ಹೇಳುವುದಾದರೆ ದೀರ್ಘವನ್ನು ಕೊನೆಗೆ ತಳ್ಳಿ, ಧಾತುವನ್ನು ಮೂಲಕ್ಕೆ ತನ್ನಿ: ಮೆದೀ, ಎನ್ಸೆಂದೇ, ಕಲೆಂತಾ, ರೆಮೊಬೇ, ದೆರ್ರೆತೀ, ಬೆರ್ತೇ, ಮೊಲೇ, ಪ್ರೊಬಾ, ಸೆರ್ಬೀ. ಮೂರು ಸಾಲನ್ನೂ ಬಾಯಿಬಿಟ್ಟು ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದಿದರೆ ಒತ್ತು ಕಲಿಯಲಾಗದು. ಸ್ಪ್ಯಾನಿಷ್ ಅಡುಗೆ ಪುಸ್ತಕಗಳಲ್ಲಿ ಎಷ್ಟೋ ಸಲ ಆಜ್ಞೆಯ ಬದಲು ಮೂಲರೂಪವನ್ನೇ, ಅಂದರೆ ಕಲೆಂತಾರ್, ರೆಮೊಬೇರ್ ಅಂತಲೇ ಬರೆದಿರುತ್ತಾರೆ. ಅದು ಬರಹದ ಶೈಲಿ. ಎದುರಿಗಿದ್ದವರಿಗೆ ಹಾಗೆ ಹೇಳುವುದಿಲ್ಲ.

ಇನ್ನು ರೋಮನ್ ಲಿಪಿಯ ಕಾಟ. ಆಡು ಎನ್ನುವುದಕ್ಕೆ ಹುಗಾರ್. ಉ ಒಡೆದು ‘ವೇ’ ಆಗುವ ಏಕೈಕ ಕ್ರಿಯಾಪದ ಇದು. ಹ್ವೇಗ, ಗೌರವಕ್ಕೆ ಹ್ವೇಗೆ. ಕನ್ನಡದಲ್ಲಿ ಬರೆದಾಗ ಕೊನೆಯ ಸ್ವರ ಬಿಟ್ಟು ಏನೂ ಬದಲಾಗಿಲ್ಲ. ರೋಮನ್‌ನಲ್ಲಿ ಮಾತ್ರ ಜಿ ಅಕ್ಷರದ ಮುಂದೆ ಇ ಬಂದರೆ ಅದು ‘ಹೆ’ ಆಗಿಬಿಡುತ್ತದೆ, ಅದನ್ನು ತಡೆಯಲು ನಡುವೆ ಯು ತುರುಕುತ್ತಾರೆ. ಎಂಪ್ಯೇಸ ಎಂಬುದು ಎಂಪ್ಯೇಸೆ ಆಗುವಾಗ ಝಡ್ ಹೋಗಿ ಸಿ ಬರುತ್ತದೆ, ಇ ಮುಂದೆ ಝಡ್ ಬರೆಯುವ ರೂಢಿ ಇಲ್ಲ. ಬ್ವೇಲ್ಕ ಬ್ವೇಲ್ಕೆ ಆಗುವಾಗ ಸಿ ಹೋಗಿ ಕ್ಯೂ, ಯು ಎರಡೂ ಬರುತ್ತವೆ. ಸೀಗೆ ಸೀಗ ಆಗುವಾಗ ಯು ಬಿದ್ದುಹೋಗುತ್ತದೆ, ಕೊರ್ರೀಹೆ ಕೊರ್ರೀಹ ಆಗುವಾಗ ಜಿ ಜಾಗಕ್ಕೆ ಜೆ. ಇವನ್ನು ಅಪವಾದಗಳು ಅಂತ ಕಲಿಸುವವರ ಮಾತು ಕೇಳಬೇಡಿ. ಉಚ್ಚಾರ ಉಳಿಸಿಕೊಳ್ಳಲು ಕಾಗುಣಿತ ಕುಣಿಯುತ್ತಿದೆ, ಅಷ್ಟೆ. ಮೊದಲು ಕನ್ನಡದಲ್ಲಿ ಬರೆದು ದನಿ ಖಚಿತ ಮಾಡಿಕೊಂಡು, ಆಮೇಲೆ ರೋಮನ್‌ಗೆ ಇಳಿಸುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸ್ಪೇನ್‌ನ ಬಹುಭಾಗದಲ್ಲಿ ಝಡ್, ಮತ್ತು ಇ, ಐ ಮುಂದಿನ ಸಿ, ನಾಲಗೆ ಹಲ್ಲಿಗೆ ತಾಗಿ ‘ಥ’ಕ್ಕೆ ಹತ್ತಿರವಾಗುತ್ತದೆ, ನಿಯಮಕ್ಕೇನೂ ಅಡ್ಡಿಯಿಲ್ಲ.

ಅದನ್ನು, ನನಗೆ, ನಿನ್ನನ್ನು ಎಂಬ ಸರ್ವನಾಮಗಳು ಈ ಆಜ್ಞೆಗಳ ಬಾಲಕ್ಕೆ ಅಂಟಿಕೊಳ್ಳುತ್ತವೆ. ಬಾಗಿಲು ಹಾಕು ಎಂಬುದು ‘ಅದನ್ನು ಹಾಕು’ ಆದಾಗ ಸ್ಯೇರ್ರಲ. ನನಗೆ ಅದನ್ನು ಹೇಳು: ಕ್ವೇಂತಮೆಲೊ. ಅವಳಿಗೆ ಅದನ್ನು ಹೇಳು: ಕ್ವೇಂತಸೆಲೊ. ಪದ ಎಷ್ಟು ಉದ್ದವಾದರೂ ಒತ್ತು ಮೊದಲಿದ್ದ ಜಾಗ ಬಿಟ್ಟು ಕದಲುವುದಿಲ್ಲ ಎಂಬುದೇ ಇಲ್ಲಿನ ಸಾರ. ಕನ್ನಡಿಗರ ಬಾಯಿ ಉದ್ದ ಪದದಲ್ಲಿ ಕೊನೆಯ ಕಡೆ ವಾಲಿ ‘ಕ್ವೆಂತಮೇಲೊ’ ಅನ್ನುತ್ತದೆ. ಹೇಳುವ ಮುನ್ನ ಬರೀ ಕ್ವೇಂತ ಅಂದು, ಅದೇ ಉಸಿರಿನಲ್ಲಿ ಮೆಲೊ ಸೇರಿಸಿ.

ರೋಮನ್‌ನಲ್ಲಿ ಬರೆಯುವಾಗ ಸ್ವರದ ಮೇಲೆ ಹಾಕುವ ಒತ್ತಿನ ಓರೆ ಗೆರೆ ಎಲ್ಲಿ ಬೇಕು? ಸ್ವರ, ಎನ್ ಅಥವಾ ಎಸ್‌ನಿಂದ ಮುಗಿಯುವ ಪದದಲ್ಲಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು, ಉಳಿದ ವ್ಯಂಜನದಿಂದ ಮುಗಿದರೆ ಕೊನೆಯದಕ್ಕೆ. ಈ ಲೆಕ್ಕ ತಪ್ಪಿದ ಕಡೆ ಮಾತ್ರ ಗೆರೆ. ಸ್ಯೇರ್ರ ಲೆಕ್ಕದಲ್ಲಿದೆ, ಗೆರೆ ಬೇಡ. ಸ್ಯೇರ್ರಲ ಆದಾಗ ಒತ್ತು ಕೊನೆಯಿಂದ ಮೂರನೆಯದಕ್ಕೆ ಹೋಯಿತು, ಗೆರೆ ಬೇಕು. ಸೆರ್ರಾದ್ ದ್‌ನಿಂದ ಮುಗಿದಿದೆ, ಬೇಡ. ಅರ್ಜೆಂಟೀನಾದ ಸೆರ್ರಾ ಸ್ವರದಿಂದ ಮುಗಿದು ಕೊನೆಗೇ ಒತ್ತು, ಬೇಕು. ಆದರೆ ಅವರದೇ ಕೊಂತಾಮೆ ಮತ್ತೆ ಲೆಕ್ಕಕ್ಕೆ ಬಂತು, ಬೇಡ. ಗೆರೆ ಹಾಕುವಾಗ ‘ಯೇ’, ‘ವೇ’ಗಳಲ್ಲಿ ಅದು ಎ ದನಿಯ ಅಕ್ಷರದ ಮೇಲೆಯೇ ಇರಬೇಕು, ಮುಂಚಿನ ಇ ಅಥವಾ ಉ ದನಿಯ ಅಕ್ಷರದ ಮೇಲಲ್ಲ. ಫೋನಿನಲ್ಲಿ ಆ ಸ್ವರದ ಕೀಲಿಯನ್ನು ಒತ್ತಿ ಹಿಡಿದರೆ ಗೆರೆಯುಳ್ಳ ಅಕ್ಷರ ಬರುತ್ತದೆ.

ಕೂಡು ಎನ್ನುವುದಕ್ಕೆ ಸೆಂತಾರ್ಸೆ. ಕೂಡು: ಸ್ಯೇಂತತೆ. ಕೂಡ್ರಿ: ಸ್ಯೇಂತೆಸೆ. ಎಲ್ಲರೂ ಕೂಡ್ರಿ: ಸ್ಯೇಂತೆನ್ಸೆ. ಕೂಡೋಣ ಎನ್ನುವಾಗ ಮೊಸ್‌ನ ಸ್ ಬಿದ್ದು ಸೆಂತೇಮೊನೊಸ್ ಆಗುತ್ತದೆ. ಸ್ಪೇನ್‌ನ ಗುಂಪಿಗೆ ಹೇಳುವಾಗ ದ್ ಬಿದ್ದು ಸೆಂತಾವೊಸ್. ಬೋಸ್‌ಗೆ ಸೆಂತಾತೆ. ಇದರ ಪಕ್ಕದಲ್ಲಿ ಸೆಂತೀರ್ ಇಟ್ಟು ನೋಡಿ, ಪರೀಕ್ಷೆಗಳಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಇದು. ಮಗುವನ್ನು ಕೂಡ್ರಿಸು ಎಂದರೂ ಸ್ಯೇಂತ, ಗಾಳಿಯನ್ನು ಅನುಭವಿಸಿರಿ ಎಂದರೂ ಸ್ಯೇಂತ. ಮೊದಲನೆಯದು ಸೆಂತಾರ್‌ನ ‘ನೀನು’, ಎರಡನೆಯದು ಸೆಂತೀರ್‌ನ ‘ನೀವು’. ಸ್ಯೇಂತೆ ಬಂದಾಗ ಉಲ್ಟಾ. ಯಾರಿಗೆ ಹೇಳುತ್ತಿದ್ದಾರೆ ಎಂಬುದು ಗೊತ್ತಾಗದೆ ಮೂಲರೂಪ ಪತ್ತೆಯಾಗದು.

ಧಾತುವಿನ ಸ್ವರ ಬದಲಾಗುವ ಗುಂಪಿನಲ್ಲೇ ಇದ್ದು ಆಜ್ಞೆಯಲ್ಲಿ ಕೈಕೊಡುವವು ಮೂರು: ತೆನೇರ್, ಬೆನೀರ್, ದೆಸೀರ್. ವರ್ತಮಾನದಲ್ಲಿ ತ್ಯೇನೆ, ಬ್ಯೇನೆ, ದೀಸೆ. ಆಜ್ಞೆಯಲ್ಲಿ ಬಾಲ ಕತ್ತರಿಸಿ ತೇನ್, ಬೇನ್, ದೀ. ನಮ್ಮಲ್ಲಿ ಬರು ಹೋಗಿ ಬಾ, ತರು ಹೋಗಿ ತಾ ಆಗುವುದಿಲ್ಲವೇ? ಹೆಚ್ಚು ಸವೆಯುವ ಮಾತು ಗಿಡ್ಡವಾಗುತ್ತದೆ. ‘ಬ್ಯೇನೆ ಅಕೀ’ ಅಂದರೆ ‘ಇಲ್ಲಿ ಬರುತ್ತಾನೆ’ ಅಂತಾಗುತ್ತದೆ, ಕರೆದಂತಾಗುವುದಿಲ್ಲ. ಗೌರವಕ್ಕೆ ತೇಂಗ, ಬೇಂಗ, ದೀಗ. ಸ್ಪೇನ್‌ನಲ್ಲಿ ಫೋನ್ ಎತ್ತಿ ಅನ್ನುವ ‘ದೀಗ’ ಇದೇ: ಹೇಳ್ರಿ. ಬೋಸ್‌ಗೆ ಮಾತ್ರ ಎಲ್ಲವೂ ಸೀದಾ: ತೆನೇ, ಬೆನೀ, ದೆಸೀ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಇಷ್ಟೊಂದು ರೂಪಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಕಂಪನಿ ಕೆಲಸಕ್ಕೆ ಕಲಿಯುವವರಿಗೆ ಉಸ್ತೇದ್ ಮತ್ತು ಅದರ ಬಹುವಚನ. ಪತ್ರಕ್ಕೂ ಫೋನಿಗೂ ಅದು ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಸ್ಪೇನ್‌ಗೆ ಓದಲು ಹೋಗುವವರು ದ್ ಅಂತ್ಯದ ರೂಪ ಬಿಡುವಂತಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ದಿನನಿತ್ಯದ ಮಾತಿಗೆ ಅದು ಬೇಡ. ನೋಟ್ಸ್‌ನಲ್ಲಿ ಪ್ರತಿ ಕ್ರಿಯಾಪದದ ಮುಂದೆ ಮೂಲರೂಪ ಮತ್ತು ‘ನೀನು’ ರೂಪ, ಈ ಎರಡನ್ನೇ ಬರೆದುಕೊಳ್ಳಿ: ಸೆರ್ರಾರ್, ಸ್ಯೇರ್ರ. ಎರಡನೆಯದರ ಕೊನೆಯ ಸ್ವರ ತಿರುಗಿಸಿದರೆ ಗೌರವ ರೂಪ, ಮೊದಲನೆಯದರ ರ್ ಕಿತ್ತು ದ್ ಇಟ್ಟರೆ ಸ್ಪೇನ್ ರೂಪ, ಬರೀ ಕಿತ್ತರೆ ಅರ್ಜೆಂಟೀನಾ ರೂಪ.

ಯಾವ ಕ್ರಿಯಾಪದ ಒಡೆಯುತ್ತದೆ ಎಂದು ಮೂಲರೂಪ ನೋಡಿಯೇ ಹೇಳಬಹುದೇ ಎಂಬುದು ಇನ್ನೊಂದು. ಆಗದು. ಎಂತೆಂದೇರ್ ಒಡೆದು ಎಂತ್ಯೇಂದೆ ಆಗುತ್ತದೆ, ಅದರದೇ ಪ್ರಾಸದ ಬೆಂದೇರ್ ಮಾತ್ರ ಬೇಂದೆ ಆಗಿಯೇ ಉಳಿಯುತ್ತದೆ. ಲ್ಯಾಟಿನ್‌ನಲ್ಲಿ ಅದರ ಎ ದೀರ್ಘವಾಗಿತ್ತು, ಆ ದೀರ್ಘ ಇವತ್ತು ಎಲ್ಲೂ ಕಾಣುವುದಿಲ್ಲ. ಕೊಂತಾರ್ ಒಡೆದರೆ ಕೊಂಪ್ರಾರ್ ಒಡೆಯದು: ಕೋಂಪ್ರ. ಕೊಮೇರ್‌ನಿಂದ ಕೋಮೆ, ಕೊರ್ರೇರ್‌ನಿಂದ ಕೋರ್ರೆ. ನಿಘಂಟುಗಳಲ್ಲಿ ಮೂಲರೂಪದ ಪಕ್ಕದಲ್ಲೇ ಸ್ವರ ಬದಲಾವಣೆಯ ಗುರುತು ಕೊಟ್ಟಿರುತ್ತಾರೆ, ಹೊಸ ಕ್ರಿಯಾಪದ ಬರೆದುಕೊಳ್ಳುವಾಗಲೇ ಅದನ್ನು ನೋಡಿಬಿಡಬೇಕು. ವಾಸನೆ ನೋಡುವ ಒಲೇರ್‌ನಂಥದ್ದು ಬಂದರಂತೂ ಖಂಡಿತ: ಅದರ ಒ ಪದದ ಮೊದಲಲ್ಲೇ ಇರುವುದರಿಂದ ಒಡೆದಾಗ ವೇಲೆ, ವೇಲ ಆಗುತ್ತದೆ, ರೋಮನ್‌ನಲ್ಲಿ ಅದರ ಮುಂದೆ ಎಲ್ಲಿಂದಲೋ ಒಂದು ಎಚ್ ಬಂದು ಕೂರುತ್ತದೆ, ಓದುವಾಗ ಆ ಎಚ್‌ಗೆ ದನಿ ಇಲ್ಲ.